ಕಲ್ಲಂಗಡಿ ಬಟ್ಟಲು

ಹಣ್ಣನ್ನು ಹಣ್ಣಿನ ಹಾಗೆ ತಿನ್ನದೆ, ಅದನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ, ಮಿಕ್ಸಿಯಲ್ಲಿ ಅರೆದು, ಬಟ್ಟಲಿಗೆ ತುಂಬಿ, ಮೇಲೆ ಬೀಜ ಉದುರಿಸಿ, ಫೋಟೊ ತೆಗೆದು ಆಮೇಲೆ ತಿನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನನ್ನ ಮಗಳು ಕೆಲಸಕ್ಕಿರುವ ಅಂಗಡಿಯಲ್ಲಿ ಮಾರುವುದೇ ಅದನ್ನು. ಸ್ಮೂದಿ ಬೌಲ್ ಅನ್ನುತ್ತಾರೆ. ಗಾಜಿನ ಗೋಡೆಯ ಅಂಗಡಿ, ಪಕ್ಕದಲ್ಲೇ ಜಿಮ್ಮು. ಬೆವರು ಸುರಿಸಿ ಬಂದವರು ಎತ್ತರದ ಸ್ಟೂಲಿನ ಮೇಲೆ ಕೂತು ಚಮಚ ನೆಕ್ಕುತ್ತಾರೆ.

"ಹಲ್ಲಿಲ್ಲದೋರು ತಿನ್ನೋದನ್ನ ಹಲ್ಲಿರೋರು ಯಾಕೆ ತಿಂತಾರೆ?" ಎಂದು ಒಮ್ಮೆ ಕೇಳಿದ್ದೆ.

"ಆರೋಗ್ಯಕ್ಕೆ ಒಳ್ಳೇದಮ್ಮ."

"ಅಗಿಯೋದೂ ಆರೋಗ್ಯಕ್ಕೆ ಒಳ್ಳೇದೇ ಕಣೇ."

ಆ ಮಾತು ಆಡಿದಾಗ ನನ್ನ ಗಂಡನ ಗಂಟಲು ಸರಿಯಾಗಿತ್ತು.

ನನ್ನ ಗಂಡ ಗಾರೆ ಮೇಸ್ತ್ರಿ. ಗೋಡೆಗೆ ಗಾರೆ ಬಳಿದು ನುಣುಪು ಮಾಡುವುದು ಅವರ ಕೆಲಸ. ಅವರ ತಮ್ಮ, ಅಂದರೆ ನನ್ನ ಮೈದುನ, ಅವರ ಕೈಕೆಳಗೇ ಕಲಿತವನು. ನಮ್ಮ ಜೊತೆಯಲ್ಲೇ ಇದ್ದಾನೆ. ಮದುವೆಯಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ಬಾಯಿ ಮಾತ್ರ ಮೂರು ಸಂಸಾರಕ್ಕಾಗುವಷ್ಟಿದೆ. ಒಂದು ಬೆಳಿಗ್ಗೆ ಕಟ್ಟಡದ ಕೆಲಸದ ನಡುವೆ ನನ್ನ ಗಂಡ ಚಹಾ ಕುಡಿಯುತ್ತ ಕೂತವರು ಲೋಟ ಬಿಟ್ಟರು. ಎತ್ತಿಕೊಳ್ಳಲು ಹೋದರೆ ಎಡಗೈ ಬರಲಿಲ್ಲ. ಅಣ್ಣ ತಮಾಷೆ ಮಾಡುತ್ತಿದ್ದಾನೆ ಎಂದು ಮೈದುನ ನಕ್ಕನಂತೆ. ಆಮೇಲೆ ನೋಡಿದರೆ ಅರ್ಧ ಮುಖ ಜೋತುಬಿದ್ದಿತ್ತು.

ಲಕ್ವ. ಜೀವ ಉಳಿಯಿತು. ಕೈ ಅಷ್ಟಿಷ್ಟು ಬಂತು, ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವುದೂ ಬಂತು. ಮಾತು ತೊದಲಿತು, ಆದರೆ ನಮಗೆ ಅರ್ಥವಾಗುತ್ತಿತ್ತು. ತಲೆ ಮೊದಲಿನಷ್ಟೇ ಚುರುಕು. ಹೋದದ್ದು ಗಂಟಲು. ಮೂಗಿನಲ್ಲಿ ನಳಿಕೆ ಇಳಿಸಿ ಅದರಲ್ಲಿ ಆಹಾರ ಬಿಡುತ್ತಿದ್ದರು. ನನ್ನ ಗಂಡ ಅದನ್ನು ಎರಡು ಸಲ ಕಿತ್ತೆಸೆದರು. ಎರಡನೇ ಸಲ ಕೈ ಕಟ್ಟಿದರು. ಮಂಚಕ್ಕೆ ಕಟ್ಟಿದ ಆ ಕೈಯನ್ನು ನೋಡಿ ನಾನು ವಾರ್ಡಿನಲ್ಲಿ ಕೂಗಾಡಿದೆ. ನರ್ಸು ಬಂದು, "ನೀವು ಆಚೆ ಹೋಗಿ," ಅಂದಳು. ಹೋದೆ. ಇನ್ನೇನು ಮಾಡಲಿ?

ನಳಿಕೆ ತೆಗೆಸಿಕೊಟ್ಟವರು ಒಬ್ಬ ಮೇಡಂ. ನುಂಗುವುದನ್ನು ಕಲಿಸುವುದೇ ಅವರ ಕೆಲಸ. ಅಂಥದೊಂದು ಕೆಲಸ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೈದುನ ಅವರಿಗೆ ನುಂಗೋ ಮೇಡಂ ಎಂದು ಹೆಸರಿಟ್ಟ. ಸಣ್ಣ ಮೈಯ ಹೆಂಗಸು, ಮೆತ್ತಗಿನ ಮಾತು. ಒಂದು ಬಟ್ಟಲು, ಒಂದು ಚಮಚ ಇಟ್ಟುಕೊಂಡು ನಮ್ಮನ್ನೆಲ್ಲ ಕೂರಿಸಿ ಹೇಳಿದರು:

"ಗಂಟಲಲ್ಲಿ ಎರಡು ದಾರಿ. ಒಂದು ಹೊಟ್ಟೆಗೆ, ಒಂದು ಶ್ವಾಸಕೋಶಕ್ಕೆ. ನುಂಗುವಾಗ ಶ್ವಾಸದ ದಾರಿಗೆ ಮುಚ್ಚಳ ಬೀಳಬೇಕು. ಇವರಿಗೆ ಆ ಮುಚ್ಚಳ ನಿಧಾನ. ನೀರು ಕೊಟ್ರೆ ಮುಚ್ಚಳ ಬೀಳೋಕೆ ಮುಂಚೆ ಜಾರಿ ಒಳಗೆ ಹೋಗತ್ತೆ. ಗಟ್ಟಿಯಾಗಿದ್ರೆ ಮೆಲ್ಲಗೆ ಇಳಿಯತ್ತೆ, ಮುಚ್ಚಳಕ್ಕೆ ಸಮಯ ಸಿಗತ್ತೆ. ನೀರು, ಚಹಾ, ಸಾರು, ಯಾವುದೂ ತೆಳ್ಳಗೆ ಬಾಯಿಗೆ ಹೋಗಬಾರದು."

ಕುಡಿಯುವ ನೀರಿಗೂ ಒಂದು ಪುಡಿ ಬೆರೆಸಬೇಕು. ಬೆರೆಸಿದರೆ ಲೋಳೆಯಾಗುತ್ತದೆ. ಉಳಿದದ್ದೆಲ್ಲ ಗಂಟಿಲ್ಲದ ಹಾಗೆ ಅರೆದು ಕೊಡಬೇಕು. ಕೊಡುವ ಮೊದಲು ಪರೀಕ್ಷೆ: ಒಂದು ಚಮಚ ತೆಗೆದು ಓರೆ ಮಾಡಬೇಕು. ಹರಿಯಬಾರದು, ಅಂಟಿಕೊಂಡೂ ಕೂರಬಾರದು. ಇಡೀ ಮುದ್ದೆ ಒಂದೇ ಆಗಿ ಜಾರಿ ಬೀಳಬೇಕು.

ಮೇಡಂ ಚಮಚ ಓರೆ ಮಾಡಿ ತೋರಿಸಿದಾಗ ನನ್ನ ಗಂಡ ನಕ್ಕರು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು, ಅರ್ಧ ಮುಖದಲ್ಲಿ.

"ಗಾ...ರೆ," ಅಂದರು.

"ಅಣ್ಣ ಗಾರೆ ಪರೀಕ್ಷೆ ಮಾಡೋದೂ ಹೀಗೇ ಮೇಡಂ," ಎಂದ ಮೈದುನ. "ಕರಣೆ ಮೇಲೆ ತಗೊಂಡು ಓರೆ ಮಾಡಿ ನೋಡ್ತಾನೆ. ಹರಿದ್ರೆ ನೀರು ಜಾಸ್ತಿ, ಅಂಟಿದ್ರೆ ಕಮ್ಮಿ. ಕಲಸಿದವನ ಮುಖಕ್ಕೆ ಎಸೀತಾನೆ ಅಷ್ಟೆ."

ನನ್ನ ಗಂಡ ಸರಿಯಿದ್ದ ಬಲಗೈಯಲ್ಲಿ ಚಮಚ ಇಸಿದುಕೊಂಡು ಮಣಿಕಟ್ಟನ್ನು ಒಂದಿಷ್ಟೇ ತಿರುಗಿಸಿದರು. ಮುದ್ದೆ ತುಂಡಾಗದೆ ಜಾರಿ ಬಟ್ಟಲಿನ ನಡುಮಧ್ಯಕ್ಕೆ ಬಿತ್ತು. ಮೇಡಂ ಕೂಡ ನಕ್ಕರು. "ಹಾಗಾದ್ರೆ ಮನೇಲಿ ಈ ಪರೀಕ್ಷೆ ನಿಮ್ಮದೇ," ಅಂದರು. ಆವತ್ತಿನಿಂದ ಮನೆಯಲ್ಲಿ ಏನೇ ಅರೆದರೂ ಮೊದಲ ಚಮಚ ಅವರ ಕೈಗೆ. ಅವರು ಓರೆ ಮಾಡಿ, ನೋಡಿ, ಹೂಂ ಅಂದರೆ ಹೂಂ.

ಆದರೆ ಊಟ ಒಳಗೆ ಹೋಗಬೇಕಲ್ಲ. ಅರೆದ ಗಂಜಿ ಬೂದು ಬಣ್ಣಕ್ಕಿರುತ್ತಿತ್ತು. ಅರೆದ ತರಕಾರಿ ಯಾವುದೋ ಕಾಯಿಲೆಯ ಬಣ್ಣ. ಪುಡಿ ಹಾಕಿದ ನೀರನ್ನು ಅವರು ಬಾಯಲ್ಲಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದರು. "ಗೋಂ...ದು" ಎಂದು ಉಗಿಯುತ್ತಿದ್ದರು. ನಾನು ಪುಸಲಾಯಿಸಿದೆ, ಬೈದೆ, ಒಂದು ದಿನ ಬಟ್ಟಲನ್ನೇ ಸಿಂಕಿಗೆ ಎಸೆದೆ. "ತಿನ್ಬೇಡಿ, ಸಾಯಿರಿ, ನಂಗೇನು!" ಎಂದೆ. ಅವರು ತಿನ್ನಲಿಲ್ಲ. ನಾನು ಸಿಂಕಿನಿಂದ ಚೂರು ಆರಿಸುತ್ತ ಅತ್ತೆ. ಅಂಗಿಯೊಳಗೆ ಭುಜದ ಮೂಳೆ ಕಾಣತೊಡಗಿತು.

ತೂಕ ನೋಡಿದ ಮೇಡಂ ಆವತ್ತು ನಗಲಿಲ್ಲ.

"ಹೀಗೇ ಇಳಿದ್ರೆ ನಳಿಕೆ ಹಾಕಲೇಬೇಕಾಗತ್ತೆ. ಈ ಸಲ ಮೂಗಿಗಲ್ಲ, ಹೊಟ್ಟೆಗೆ. ಒಂದು ತೂತು ಮಾಡಿ ನೇರ ಒಳಗೆ."

"ಬೇ...ಡ," ಎಂದರು ನನ್ನ ಗಂಡ. ಆ ಒಂದು ಮಾತನ್ನು ಅವರು ತೊದಲಿದರೂ ಯಾರಿಗೂ ಅನುವಾದ ಬೇಕಿರಲಿಲ್ಲ.

"ಹಾಗಾದ್ರೆ ತಿನ್ನಬೇಕು."

ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವಾಗ ನನ್ನ ಮುಂಗೈ ಹಿಡಿದು, "ತೂ...ತು ಬೇ...ಡ," ಅಂದರು. ಗೋಡೆಗೆ ತೂತು ಹೊಡೆಯುವವರನ್ನು ಕಂಡರೇ ಆಗದ ಮನುಷ್ಯ.

ಮಗಳು ಆ ಸಂಜೆ ಅಂಗಡಿಯಿಂದ ಬಂದವಳೇ ಚೀಲದಿಂದ ಬಾಳೆಹಣ್ಣಿನ ಚಿಪ್ಪು ತೆಗೆದಳು. ಕಪ್ಪು ಚುಕ್ಕೆ ಬಿದ್ದ, ಯಾರೂ ಕೊಳ್ಳದ ಹಣ್ಣು.

"ಅಮ್ಮ, ಬೈಬೇಡ. ನಾನೊಂದು ಮಾಡ್ತೀನಿ ಅಪ್ಪಂಗೆ."

"ನಿನ್ನ ಜಿಮ್ಮಿನೋರ ಬಟ್ಟಲಾ?"

"ಹೂಂ. ಯೋಚನೆ ಮಾಡು. ಗಟ್ಟಿಯಾಗಿರತ್ತೆ, ನುಣ್ಣಗಿರತ್ತೆ, ಗಂಟಿರಲ್ಲ. ಮೇಡಂ ಕೇಳೋದೂ ಅದನ್ನೇ ತಾನೆ?"

ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಅವಳು ಹೇಳಿದ್ದು ಸರಿಯಾಗಿತ್ತು.

ಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರಿಗಿಟ್ಟಳು. ರಾಶಿ ಹಾಕಿದರೆ ಇಟ್ಟಿಗೆಯಾಗಿ ಮಿಕ್ಸಿಯ ಬ್ಲೇಡು ಹೋಗುತ್ತದಂತೆ. ಮರುದಿನ ಆ ಬಿಲ್ಲೆಗಳಿಗೆ ಗಟ್ಟಿ ಮೊಸರು, ನೆನೆಸಿದ ಓಟ್ಸು, ಎರಡು ಖರ್ಜೂರ ಹಾಕಿ ಮಿಕ್ಸಿ ತಿರುಗಿಸಿದಳು. ತಿರುಗುವುದಿಲ್ಲ ಎಂದು ಮಿಕ್ಸಿ ಗುರ್ರೆಂದಿತು. ನಾನು ನೀರಿನ ಚೊಂಬು ಎತ್ತಿದೆ.

"ನೀರು ಹಾಕ್ಬೇಡ! ಹಾಕಿದ್ರೆ ಜ್ಯೂಸು, ಹಾಕ್ದಿದ್ರೆ ಬೌಲು," ಎಂದು ಕೈ ತಡೆದಳು. ನಿಲ್ಲಿಸಿದಳು, ಚಮಚದಿಂದ ಕೆಳಕ್ಕೆ ನೂಕಿದಳು, ಮತ್ತೆ ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. ಜಾಲರಿಯಲ್ಲಿ ಒತ್ತಿ ಸೋಸಿದಳು. ಅಂಗಡಿಯಲ್ಲಿ ಮೇಲೆ ಉದುರಿಸುವ ಬೀಜ, ಕಾಯಿ, ಗರಿಗರಿ ಕಾಳು ಯಾವುದೂ ಬೇಡವೆಂದು ಅವಳೇ ಹೇಳಿದಳು. ಒಂದು ಬೀಜ ಗಂಟಲಿಗೆ ಸಿಕ್ಕರೆ ಸಾಕಲ್ಲ. ಬರಿ ಬೋಳು ಬಟ್ಟಲು.

ನನ್ನ ಗಂಡ ಮೊದಲ ಚಮಚ ಓರೆ ಮಾಡಿದರು. ಮುದ್ದೆ ಒಂದೇ ಆಗಿ ಜಾರಿತು. ಅವರು ತಲೆಯಾಡಿಸಿದರು. ಆಮೇಲೆ, ತಿನ್ನುವ ಮೊದಲು, ಚಮಚದ ಬೆನ್ನಿನಿಂದ ಬಟ್ಟಲಿನ ಮೇಲ್ಮೈಯನ್ನು ಅಂಚಿನಿಂದ ಅಂಚಿಗೆ ಸವರಿ ಸಮ ಮಾಡಿದರು. ಕನ್ನಡಿಯ ಹಾಗೆ.

"ಅಣ್ಣ, ಬಣ್ಣ ಹೊಡೆಯೋರನ್ನ ಕರೀಲಾ?" ಎಂದ ಮೈದುನ.

ಅವರು ಬಟ್ಟಲು ಖಾಲಿ ಮಾಡಿದರು. ನಾನು ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ನಾವು ಹುಚ್ಚರಲ್ಲ. ಅದನ್ನು ಮೇಡಂಗೂ ತೋರಿಸಿದೆವು. ಮಗಳು ಥರ್ಮಾಸಿನಲ್ಲಿ ತುಂಬಿಕೊಂಡು ಬಂದಳು. ಮೇಡಂ ಚಮಚ ಓರೆ ಮಾಡಿದರು, ತಾವು ತಿಂದು ನೋಡಿದರು, ನನ್ನ ಗಂಡನಿಗೆ ತಿನ್ನಿಸಿ ಗಂಟಲಿಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. "ಬಾಳೆಹಣ್ಣು, ಮೊಸರು, ಓಟ್ಸು. ತುಂಬಾ ಒಳ್ಳೇದು. ಇದನ್ನೇ ಕೊಡಿ," ಅಂದರು. ಮಗಳ ಬೆನ್ನು ತಟ್ಟಿದರು. ನಾನು ಇಸ್ತ್ರಿ ಕೆಲಸ ಮಾಡುವ ದೊಡ್ಡ ಲಾಂಡ್ರಿಯಲ್ಲಿ, ಹೋಟೆಲಿನ ಹಾಸುಗಳ ಹಬೆಯ ನಡುವೆ, ಮರುದಿನ ಅದನ್ನೇ ಎಲ್ಲರ ಕಿವಿ ತೂತಾಗುವಷ್ಟು ಹೇಳಿದೆ. "ನನ್ನ ಮಗಳು ಅವರಪ್ಪನ್ನ ಉಳಿಸಿದಳು" ಎಂದು.

ತೂಕ ಏರಿತು. ಫ್ರೀಜರಿನ ತುಂಬ ಬಾಳೆಹಣ್ಣು.

"ಈ ಮನೇಲಿ ಐಸ್ ಕೇಳಿದ್ರೆ ಬಾಳೆಹಣ್ಣು ಕೊಡ್ತಾರೆ, ಮೀನು ಕೇಳಿದ್ರೂ ಬಾಳೆಹಣ್ಣು ಕೊಡ್ತಾರೆ," ಎಂದು ಮೈದುನ ಗೊಣಗಿದ. "ಅತ್ತಿಗೆ, ನಂಗೂ ಒಂದ್ ಲಕ್ವ ಬಂದ್ರೆ ಇಷ್ಟು ಉಪಚಾರ ಮಾಡ್ತೀರಾ?"

"ನಿನ್ನ ಬಾಯಿಗೆ ಬರಲಿ, ಮನೆ ತಣ್ಣಗಾಗತ್ತೆ," ಎಂದೆ. ನನ್ನ ಗಂಡ ಭುಜ ಕುಣಿಸಿ ನಕ್ಕರು. ಆ ದಿನಗಳು ಹಾಗಿದ್ದವು.

ಬೇಸಿಗೆ ಬಂತು. ನಮ್ಮದು ಮೂರನೇ ಮಹಡಿಯ ಮನೆ, ಮೇಲೆ ತಾರಸಿ. ಮಧ್ಯಾಹ್ನ ಗೋಡೆಗೆ ಕೈಯಿಟ್ಟರೆ ಸುಡುತ್ತಿತ್ತು. ಕಿಟಕಿಯ ಕೆಳಗೆ ತಳ್ಳುಗಾಡಿಯವನೊಬ್ಬ ಕಲ್ಲಂಗಡಿ ಸೀಳಿ ಜೋಡಿಸಿಡುತ್ತಿದ್ದ. ನನ್ನ ಗಂಡ ಕುರ್ಚಿಯನ್ನು ಕಿಟಕಿಗೆ ಎಳೆಸಿಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದರು. ಲಕ್ವ ಹೊಡೆದಾಗಿನಿಂದ ಆ ಮನುಷ್ಯ ಒಂದು ಗುಟುಕು ಬರಿ ನೀರು ಕುಡಿದಿರಲಿಲ್ಲ. ನಾವು ನೀರು ಕುಡಿಯುವಾಗ ಅವರ ಕಣ್ಣು ನಮ್ಮ ಗಂಟಲ ಮೇಲಿರುತ್ತಿತ್ತು.

ಬಾಳೆಹಣ್ಣಿನ ಬಟ್ಟಲು ಅರ್ಧಕ್ಕೆ ಉಳಿಯತೊಡಗಿತು. ಆಮೇಲೆ ಮುಕ್ಕಾಲು. ತೂಕ ನೋಡುವ ದಿನ ಹತ್ತಿರ ಬರುತ್ತಿತ್ತು.

"ಅ...ದು," ಎಂದು ಕಿಟಕಿಯ ಕೆಳಗೆ ಕೈ ತೋರಿಸಿದರು.

"ಕಲ್ಲಂಗಡಿ ಪೂರಾ ನೀರಪ್ಪ," ಎಂದಳು ಮಗಳು. "ಆಗಲ್ಲ."

"ಬಾಳೆಹಣ್ಣನ್ನ ಕಲ್ಲು ಮಾಡಿದೋಳು ಕಲ್ಲಂಗಡೀನ ಮಾಡಕ್ಕಾಗಲ್ವಾ?" ಎಂದ ಮೈದುನ. "ಹೆಸರಲ್ಲೇ ಅರ್ಧ ಕೆಲಸ ಆಗಿದೆ."

"ಮಾಡಿ ನೋಡೋಣ," ಎಂದಳು ಅವಳು. "ಗಟ್ಟಿ ಬಂದ್ರೆ ಕೊಡೋಣ. ಬರ್ದಿದ್ರೆ ಇಲ್ಲ. ಸರಿಯಾ ಅಪ್ಪ?"

ಸರಿ ಎಂದರು.

ಬೀಜ ಒಂದೂ ಬಿಡದೆ ತೆಗೆದು, ಹೋಳು ಮಾಡಿ, ಹೆಪ್ಪುಗಟ್ಟಿಸಿ ಅರೆದಳು. ಒಂದು ಚಮಚ ಮೊಸರು ಬಿಟ್ಟರೆ ಬೇರೇನೂ ಹಾಕಲಿಲ್ಲ. ಬಂದದ್ದು ಕೆಂಪು ಮಂಜು. ಬಾಳೆಹಣ್ಣಿಗಿಂತ ಗಟ್ಟಿ. ನನ್ನ ಗಂಡ ಚಮಚ ಓರೆ ಮಾಡಿದರು, ಬೀಳಲಿಲ್ಲ. ಇನ್ನಷ್ಟು ಓರೆ ಮಾಡಿದರು, ಮುದ್ದೆ ಮೆಲ್ಲನೆ ಕದಲಿ ಒಂದೇ ಆಗಿ ಬಿತ್ತು. ಎರಡನೇ ಸಲ, ಮೂರನೇ ಸಲವೂ ಮಾಡಿದರು. ಕಟ್ಟಡದಲ್ಲೂ ಹಾಗೇ, ಅವರಿಗೆ ಒಂದು ಸಲ ಸಾಲದು.

"ಇದು ಗೋಡೆಗೂ ನಿಲ್ಲತ್ತೆ ಅಣ್ಣ," ಎಂದ ಮೈದುನ.

ಈಗ ಯಾರಾದರೂ ಕೇಳಬಹುದು, ಐಸು ಕರಗುವುದು ನಿಮಗೆ ಗೊತ್ತಿರಲಿಲ್ಲವೇ ಎಂದು. ಗೊತ್ತಿತ್ತು. ಮೂರು ವರ್ಷದ ಮಗುವಿಗೂ ಗೊತ್ತು. ಆದರೆ ನಮ್ಮ ಮನೆಯಲ್ಲಿ ಗಟ್ಟಿ ತೆಳುವಿನ ಲೆಕ್ಕವೆಲ್ಲ ಗಾರೆಯ ಲೆಕ್ಕ. ಗಾರೆಯನ್ನು ಕಲಸಿದಾಗ ಹದ ಸರಿಯಿದ್ದರೆ ಮುಗಿಯಿತು. ಆಮೇಲೆ ಅದು ಬಿಗಿಯುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ತಡ ಮಾಡಿದರೆ ಕಲ್ಲಾಗುತ್ತದೆ ಎಂಬುದೊಂದೇ ಭಯ. ನನ್ನ ಗಂಡ ಜೀವಮಾನವಿಡೀ ಹದ ನೋಡಿದ್ದು ಕರಣೆಯ ಮೇಲೆ. ಕರಣೆಯ ಮೇಲೆ ಸರಿಯಿದ್ದದ್ದು ಗೋಡೆಯ ಮೇಲೆ ಕೆಟ್ಟ ಉದಾಹರಣೆಯೇ ಇರಲಿಲ್ಲ. ಅವರು ಹೂಂ ಅಂದ ಮೇಲೆ ಮೈದುನ ಅನುಮಾನ ಪಡುವುದಿಲ್ಲ. ನಾನೂ ಪಡುವುದಿಲ್ಲ. ನಾವೆಲ್ಲ ಬಟ್ಟಲನ್ನೇ ಕಾದೆವು. ಬಟ್ಟಲಿನಲ್ಲಿ ಒಂದಿಷ್ಟು ಸಡಿಲವಾದರೆ ಮಗಳು ತಕ್ಷಣ ಅದನ್ನು ಫ್ರೀಜರಿಗಿಟ್ಟು ಬೇರೆ ತರುತ್ತಿದ್ದಳು. ಅಷ್ಟು ಜಾಗ್ರತೆ! ಬಾಯಿಯ ಒಳಗೆ ಯಾರು ನೋಡುತ್ತಾರೆ?

ಅವರಿಗೆ ಎಡಗೆನ್ನೆ ಮರಗಟ್ಟಿತ್ತು. ತಿಂದದ್ದು ಅಲ್ಲಿ ಸೇರಿಕೊಂಡು ಉಳಿಯುತ್ತಿತ್ತು. ಅದೂ ಅಲ್ಲದೆ ಅವರು ಬೇಕೆಂದೇ ನಿಧಾನವಾಗಿ ತಿನ್ನುತ್ತಿದ್ದರು. ತಂಪಿಗೆ ಕಣ್ಣು ಮುಚ್ಚಿ, ಒಂದೊಂದು ಚಮಚವನ್ನೂ ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದರು. ನಿಧಾನ ತಿನ್ನಿ ಎಂದು ಮೇಡಂ ಹೇಳಿದ್ದರು. "ನೋಡಿ, ಈಗ ಬುದ್ಧಿ ಬಂತು," ಎಂದು ನಾನು ಹೊಗಳಿದೆ.

ಕೆಮ್ಮು ಬಂದರೆ ನಿಲ್ಲಿಸಿ ಎಂದೂ ಮೇಡಂ ಹೇಳಿದ್ದರು. ಕೆಮ್ಮಿಗೆ ಕಿವಿಕೊಟ್ಟು ಕೂತೆವು. ಬರಲಿಲ್ಲ. ದನಿ ಒದ್ದೆಯಾಗುತ್ತದೆಯೇ ನೋಡಿ ಎಂದಿದ್ದರು. ತೊದಲುವ ದನಿಯಲ್ಲಿ ಒದ್ದೆ ಯಾವುದು, ಒಣ ಯಾವುದು? ಗಂಟಲಲ್ಲಿ ಏನೋ ಗುಳುಗುಳು ಅಂದ ಹಾಗೆ ನನಗೆ ಒಂದೆರಡು ಸಲ ಕೇಳಿಸಿತು. ಮಾತು ಜಾಸ್ತಿಯಾಗಿದೆಯಲ್ಲ, ಅದಕ್ಕೇ ಅಂದುಕೊಂಡೆ. ನಿಜವಾಗಿಯೂ ಜಾಸ್ತಿಯಾಗಿತ್ತು. ಕಲ್ಲಂಗಡಿ ತಿಂದ ಮೇಲೆ ಅವರು ಖುಷಿಯಲ್ಲಿ ಏನೇನೋ ಹೇಳುತ್ತಿದ್ದರು.

ನಾನು ಲಾಂಡ್ರಿಯಲ್ಲಿದ್ದಾಗ ಮೈದುನನ ಫೋನು ಬಂತು. ಯಂತ್ರದ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಆಚೆ ಬಂದು, "ಏನೋ ನಿಂದು, ಕೆಲಸದ ಹೊತ್ತಲ್ಲಿ!" ಎಂದು ರೇಗಿದೆ.

"ಅತ್ತಿಗೆ, ಅಣ್ಣನ ಮೈ ಕೆಂಡ ಆಗಿದೆ. ಉಸಿರು ಸರಿ ಇಲ್ಲ. ತುಟಿ ನೀಲಿ ಆಗಿದೆ ಅತ್ತಿಗೆ."

ಅವನ ಬಾಯಲ್ಲಿ ಒಂದು ತಮಾಷೆ ಇಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು. ಏಪ್ರನ್ನಿನಲ್ಲೇ ಓಡಿದೆ.

ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಬಲಗಡೆಯ ಶ್ವಾಸಕೋಶದ ಬುಡದಲ್ಲಿ. ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿದ್ದರು. ಅದರೊಳಗಿಂದ ನನ್ನ ಗಂಡ ನನ್ನನ್ನು ನೋಡಿದ ನೋಟದಲ್ಲಿ ನೋವಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಎಲ್ಲ ಸರಿಯಾಗಿಯೇ ಮಾಡಿದ್ದೇವಲ್ಲ ಎಂಬಂತೆ.

ಜ್ವರ ಇಳಿದ ಮೇಲೆ ನುಂಗೋ ಮೇಡಂ ಬಂದರು. "ಏನೇನು ಕೊಟ್ರಿ?" ಎಂದರು.

"ನೀವು ಹೇಳಿದ್ದನ್ನೇ," ಎಂದೆ. ನನಗೆ ಜಗಳ ಬೇಕಿತ್ತು. "ಒಂದು ತೊಟ್ಟು ನೀರು ಬಿಟ್ಟಿಲ್ಲ. ಒಂದು ಗಂಟು ಬಿಟ್ಟಿಲ್ಲ. ನೀವು ಹೇಳಿದ ಹಾಗೇ ಮಾಡಿದ್ದಕ್ಕೆ ಹೀಗಾಯ್ತು."

"ಬರಿ ಬೌಲ್ ಮೇಡಂ," ಎಂದಳು ಮಗಳು. "ಈಚೆಗೆ ಕಲ್ಲಂಗಡೀದು. ಇವತ್ತೂ ತಂದಿದ್ದೀನಿ, ಅಪ್ಪ ಏನೂ ತಿಂದಿಲ್ಲ ಅಂತ." ಥರ್ಮಾಸಿನ ಮುಚ್ಚಳ ತೆಗೆದು ತಾನೇ ಚಮಚ ಓರೆ ಮಾಡಿ ತೋರಿಸಿದಳು. "ನೋಡಿ. ಎಷ್ಟು ಗಟ್ಟಿ ಇದೆ."

ಮುದ್ದೆ ಒಂದೇ ಆಗಿ ಜಾರಿತು. ಮೇಡಂ ಅದನ್ನೇ ನೋಡುತ್ತ ನಿಂತರು. ಆಮೇಲೆ ಒಂದು ಚಮಚ ತೆಗೆದು ತಮ್ಮ ಅಂಗೈಯಲ್ಲಿ ಹಾಕಿಕೊಂಡು ಮೆಲ್ಲಗೆ ಮುಷ್ಟಿ ಮಡಿಸಿದರು.

"ಸ್ವಲ್ಪ ಹೊತ್ತು," ಅಂದರು.

ಪಕ್ಕದ ಮಂಚದವನ ರೇಡಿಯೊ ಯಾವುದೋ ಸೋಪಿನ ಜಾಹೀರಾತು ಹಾಡುತ್ತಿತ್ತು. ಮೇಡಂನ ಬೆರಳ ಸಂದಿಯಿಂದ ಕೆಂಪು ನೀರು ಇಣುಕಿ, ಮಣಿಕಟ್ಟಿಗೆ ಇಳಿದು, ಬಿಳಿ ಕೋಟಿನ ತೋಳಿನೊಳಗೆ ಹೋಯಿತು. ಅವರು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ನೀರು ಮಾತ್ರ ಇತ್ತು.

"ಬಾಳೆಹಣ್ಣು ಕರಗಿದ್ರೂ ಗಟ್ಟಿಯಾಗೇ ಇರತ್ತೆ," ಅಂದರು. "ಇದು ಹಾಗಲ್ಲ. ಅವರು ಬಾಯಲ್ಲಿ ಇಟ್ಕೊಂಡಷ್ಟೂ ಹೊತ್ತು..." ಪೂರ್ತಿ ಮಾಡಲಿಲ್ಲ. "ಕೆಲವರಿಗೆ ಗಂಟಲ ಒಳಗೂ ಮರಗಟ್ಟಿರತ್ತೆ. ತಪ್ಪು ದಾರೀಲಿ ಹೋದ್ರೂ ಕೆಮ್ಮು ಬರಲ್ಲ. ಇದನ್ನ ನಾನು ನಿಮಗೆ ಬಿಡಿಸಿ ಹೇಳಬೇಕಿತ್ತು."

ಮಗಳು ಥರ್ಮಾಸಿನ ಮುಚ್ಚಳ ಹಾಕಲು ಹೋದಳು. ಮುಚ್ಚಳದ ಸುತ್ತು ಕೂರಲಿಲ್ಲ. ಮತ್ತೆ ಮತ್ತೆ ತಿರುಗಿಸಿದಳು.

ನನಗೆ ಸಿಟ್ಟು ಬರುವುದು ಹೊಸದಲ್ಲ. ಬಂದರೆ ಯಾರ ಮೇಲಾದರೂ ಹೋಗುತ್ತದೆ, ಹೋದ ಮೇಲೆ ಹಗುರಾಗುತ್ತದೆ. ಆವತ್ತು ಪಿತ್ತ ನೆತ್ತಿಗೇರಿ ನಿಂತಿತು, ಇಳಿಯಲು ಜಾಗ ಸಿಗಲಿಲ್ಲ. ಮೇಡಂ ಮೇಲೆ ಹೋಗೋಣವೆಂದರೆ ಅವರು ಒಪ್ಪಿದ್ದು ಬಾಳೆಹಣ್ಣನ್ನು, ತಪ್ಪನ್ನೂ ತಾವೇ ಹೊತ್ತುಕೊಂಡು ನಿಂತಿದ್ದರು. ಮಗಳನ್ನು ಬೈಯೋಣವೆಂದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಮೈದುನ ಗೋಡೆಗೆ ಹಣೆಯಿಟ್ಟು ನಿಂತಿದ್ದ. ಇನ್ನುಳಿದವರು ಮಂಚದ ಮೇಲಿದ್ದವರು. ಹೂಂ ಅಂದವರು ಅವರೇ, ಮೂರು ಸಲ ಓರೆ ಮಾಡಿ. ಅವರನ್ನು ಬೈಯಲೇ?

ಮರುದಿನ ದೊಡ್ಡ ಡಾಕ್ಟರು ಬಂದು ಮಂಚದ ಕಾಲಬಳಿ ನಿಂತರು. ಇನ್ನು ಬಾಯಿಂದ ಏನೂ ಕೂಡದು ಎಂದರು. ಗಟ್ಟಿಯೂ ಬೇಡ, ತೆಳುವೂ ಬೇಡ. ಹೊಟ್ಟೆಗೆ ನಳಿಕೆ.

"ಬೇ...ಡ."

"ಇನ್ನೊಂದು ಸಲ ಹೀಗಾದ್ರೆ ಉಳಿಸೋದು ಕಷ್ಟ," ಎಂದರು ಡಾಕ್ಟರು. ಕೆಟ್ಟ ಮನುಷ್ಯನೇನಲ್ಲ, ಸುಸ್ತಾಗಿದ್ದ. "ನಿಮ್ಮ ಬುದ್ಧಿ ಸ್ಥಿಮಿತದಲ್ಲಿದೆ. ನೀವು ಬೇಡ ಅಂದ್ರೆ ನಾವು ಬಲವಂತ ಮಾಡಲ್ಲ. ಆದರೆ ಬೇಡ ಅಂದ್ರೆ ಏನಾಗತ್ತೆ ಅಂತ ತಿಳ್ಕೊಳ್ಳಿ."

"ತಿಳೀ...ತು. ಬೇ...ಡ."

ನಾನು ಹೇಳಿದೆ, "ಗಂಟಲು ಮುಂದೆ ಸರಿ ಹೋಗ್ಬಹುದಂತೆ. ಅಲ್ಲೀವರೆಗೆ ತಾನೆ? ಹೂಂ ಅನ್ರೀ."

ಅವರು ನನ್ನತ್ತ ನೋಡಲಿಲ್ಲ. ಮೈದುನ ಬೇಡಿಕೊಂಡ, ಅವನತ್ತಲೂ ನೋಡಲಿಲ್ಲ. ಆಗ ಮಗಳು ಮಂಚದ ಪಕ್ಕ ನೆಲದ ಮೇಲೆ ಕೂತು, ಹಾಸಿನ ಅಂಚು ಹಿಡಿದುಕೊಂಡು, "ಅಪ್ಪ, ನೀನು ಹೀಗೇ ಹೋದ್ರೆ ನಾನು ಕೊಂದ ಹಾಗೆ ಆಗತ್ತಪ್ಪ," ಅಂದಳು. ಜೋರಾಗಿ ಅಳಲಿಲ್ಲ. ಅಷ್ಟೇ ಹೇಳಿದಳು.

ಅವರು ಬಲಗೈಯನ್ನು ಅವಳ ತಲೆಯ ಮೇಲಿಟ್ಟರು. ಬಹಳ ಹೊತ್ತು ಸೂರು ನೋಡಿದರು. ಆಮೇಲೆ ಡಾಕ್ಟರಿಗೆ ತಲೆಯಾಡಿಸಿದರು. ಅದು ನಳಿಕೆಗೆ ಹೇಳಿದ ಹೂಂ ಅಲ್ಲ. ಅವಳಿಗೆ ಹೇಳಿದ್ದು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು, ಆದರೂ ಎಲ್ಲರೂ ಉಸಿರು ಬಿಟ್ಟೆವು.

ಈಗ ನಾನು ಅವರಿಗೆ ಊಟ ಹಾಕುವುದು ಹೀಗೆ. ಅಂಗಿ ಎತ್ತಿ, ನಳಿಕೆಯ ಬಿರಡೆ ತೆಗೆದು, ಸಿರಿಂಜಿನ ಕೊಳವೆ ಸಿಕ್ಕಿಸಿ, ಮಾಸಲು ಬಣ್ಣದ ಹಾಲಿನಂಥದ್ದನ್ನು ಸುರಿದು ಎತ್ತಿ ಹಿಡಿಯುತ್ತೇನೆ. ತಾನಾಗಿ ಇಳಿಯುತ್ತದೆ. ಮೊದಮೊದಲು ನಾನು ಮಾತಾಡುತ್ತಿದ್ದೆ, "ಸ್ವಲ್ಪ ತಾಳಿ, ಮುಗೀತು, ಮುಗೀತು" ಎಂದು. ಅವರು ಗೋಡೆ ನೋಡುತ್ತಿರುತ್ತಾರೆ. ಈಗ ನಾನೂ ಮಾತಾಡುವುದಿಲ್ಲ. ತೂಕ ಚೆನ್ನಾಗಿ ಏರಿದೆ. ಕೆನ್ನೆ ತುಂಬಿಕೊಂಡಿದೆ. ನೋಡಿದವರು, "ಈಗ ಲಕ್ಷಣವಾಗಿದ್ದಾರೆ" ಅನ್ನುತ್ತಾರೆ.

ಮಗಳು ಅಂಗಡಿಯಲ್ಲಿ ಅರೆಯುವ ಕೆಲಸ ಬಿಟ್ಟು ಗಲ್ಲಾದ ಬಳಿ ನಿಲ್ಲುತ್ತಾಳೆ. ಆದರೂ ವಾಸನೆ ಅಂಟುತ್ತದೆ. ಒಂದು ಸಂಜೆ ಅವಳು ಅಪ್ಪನ ಹೊದಿಕೆ ಸರಿಮಾಡಲು ಬಗ್ಗಿದಾಗ ಅವರು ಅವಳ ಕೈ ಹಿಡಿದು ಮೂಗಿಗೆ ಒತ್ತಿಕೊಂಡರು. ಬಿಡಲಿಲ್ಲ. ಅವಳು ಬಿಡಿಸಿಕೊಳ್ಳಲೂ ಇಲ್ಲ. ಮರುದಿನದಿಂದ ಅಂಗಡಿಯಲ್ಲೇ ಸೋಪು ಹಾಕಿ ಮೊಣಕೈವರೆಗೆ ಉಜ್ಜಿಕೊಂಡು ಬರುತ್ತಾಳೆ. ಬೆರಳ ಗೆಣ್ಣುಗಳು ಒಡೆದಿವೆ. ಮುಲಾಮು ಹಚ್ಚಿಕೋ ಎಂದರೆ, "ಅದೂ ವಾಸನೆ ಬರತ್ತಮ್ಮ," ಅನ್ನುತ್ತಾಳೆ.

ನಾವು ಊಟ ಮಾಡುವುದು ಮೆಟ್ಟಿಲ ಮೇಲೆ. ಮನೆಯೊಳಗೆ ಒಂದೇ ಕೋಣೆ, ಒಂದು ಅಡಿಗೆಮನೆ. ತಟ್ಟೆಯ ಸದ್ದೂ ಅವರಿಗೆ ಕೇಳಿಸುತ್ತದೆ, ಒಗ್ಗರಣೆಯ ಘಮವೂ ತಲುಪುತ್ತದೆ. ಅದಕ್ಕೇ ಒಗ್ಗರಣೆ ಹಾಕದೆ ಬರಿ ಬೇಯಿಸಿದ್ದನ್ನೇ ಮುಚ್ಚಿ ತಂದು, ಬಾಗಿಲು ಎಳೆದುಕೊಂಡು, ಮೂವರೂ ಒಂದರ ಕೆಳಗೊಂದು ಮೆಟ್ಟಿಲಲ್ಲಿ ಕೂತು ತಿನ್ನುತ್ತೇವೆ. ಯಾರು ಹೀಗೆ ಮಾಡೋಣ ಅಂದರೋ ನೆನಪಿಲ್ಲ. ಯಾರೂ ಅಂದಿರಲಿಕ್ಕಿಲ್ಲ.

ಹೋದ ಭಾನುವಾರ ಮಧ್ಯಾಹ್ನ ನಮ್ಮ ಮಹಡಿಯ ಕೊನೆಯ ಮನೆಯ ದರ್ಜಿ ಹೆಂಗಸು ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತಿ ಬಂದಳು.

"ಏನ್ರೀ, ಯಜಮಾನ್ರು ಎಲ್ರನ್ನೂ ಆಚೆ ಹಾಕಿಬಿಟ್ರಾ?"

"ಬಾಡಿಗೆ ಕೊಟ್ಟಿಲ್ಲ ಅಂತ," ಎಂದ ಮೈದುನ, ಕಾಲು ಮಡಿಸಿ ದಾರಿ ಬಿಡುತ್ತ. ಅವಳು ನಕ್ಕು ದಾಟಿ ಹೋದಳು. ಅವನು ನಗಲಿಲ್ಲ.

ಆಗ ಒಳಗಿಂದ ಅವರು ಕೂಗಿದರು. ಹೆಸರು ಹಿಡಿದು ಕರೆದದ್ದಲ್ಲ, ಮಾತೂ ಅಲ್ಲ. ಒಂದು ಸದ್ದು ಅಷ್ಟೆ. ಬಿದ್ದರೋ, ನಳಿಕೆ ಎಳೆದುಕೊಂಡರೋ? ತಟ್ಟೆ ಬಿಟ್ಟು ಬಾಗಿಲು ನೂಕಿ ಒಳಗೆ ಓಡಿದೆ.

ಏನೂ ಆಗಿರಲಿಲ್ಲ. ಅವರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ನಳಿಕೆ ಅಂಗಿಯ ಕೆಳಗೆ ಸರಿಯಾಗಿತ್ತು. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನ್ರೀ?" ಎಂದು ಕೇಳಬೇಕು. ಕೇಳಲಾಗಲಿಲ್ಲ. ನನ್ನ ಬಾಯಲ್ಲಿ ತುತ್ತಿತ್ತು. ಓಡುವಾಗ ನುಂಗಿರಲಿಲ್ಲ, ಕೆನ್ನೆ ಉಬ್ಬಿಕೊಂಡಿತ್ತು. ಅವರ ಕಣ್ಣು ನನ್ನ ಕೆನ್ನೆಯ ಮೇಲೆ ನಿಂತಿತು. ಉಗಿದರೆ ಅವರೆದುರಿಗೇ ಉಗಿಯಬೇಕು. ನುಂಗಿದರೆ ಅವರು ನೋಡುತ್ತಿರುವಾಗಲೇ ಗಂಟಲು ಏರಿ ಇಳಿಯಬೇಕು. ನಾನು ಬಾಯಿ ಬಿಗಿಹಿಡಿದು ಹಾಗೇ ನಿಂತೆ. ಅವರು ನೋಡುತ್ತಲೇ ಇದ್ದರು.